ಮೂರನೇ ಗೇರಿನ ಪಾಠ

ಡಿಂಪ್ನಾಳ ಕಾರು ಹೊರಟಿತೆಂದರೆ ಊರಿಗೆಲ್ಲ ತಿಳಿಯುತ್ತಿತ್ತು. ಅದು ಇನ್ನೂ ಗುಡ್ಡದ ಆಚೆ ಬದಿಯಲ್ಲಿರುವಾಗಲೇ ಕೂಗು ಕೇಳಿಸುತ್ತಿತ್ತು. ಯಾರೋ ಸಿಟ್ಟಿನಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಾರೋ ಎನ್ನುವ ಹಾಗೆ, ಒಂದೇ ಎತ್ತರದ, ಬಿಡುವಿಲ್ಲದ ಕೂಗು. ಪುಟ್ಟ ಕೆಂಪು ಕಾರು ಅದು. ಮುಂದಕ್ಕೆ ಹೋಗಲು ನಾಲ್ಕು ಗೇರುಗಳಿದ್ದವು. ಡಿಂಪ್ನಾ ಬಳಸುತ್ತಿದ್ದದ್ದು ಎರಡನ್ನೇ. ಒಂದನೆಯದರಲ್ಲಿ ಅಂಗಳದಿಂದ ಹೊರಡುವುದು, ಗೇಟು ದಾಟಿದ ಕೂಡಲೇ ಎರಡನೆಯದಕ್ಕೆ ಎಳೆಯುವುದು, ಆಮೇಲೆ ಅಂಗಡಿಯಿರಲಿ, ಚರ್ಚಿರಲಿ, ಹತ್ತು ಮೈಲಿ ಆಚೆಯ ಬೆಲ್ಮಲೆಟ್ ಪೇಟೆಯಿರಲಿ, ಕೊನೆಯವರೆಗೂ ಅದೇ ಎರಡನೆಯದು.

"ಡಿಂಪ್ನಾ ಹೊರಟ್ಲು ನೋಡು. ಈಗ ಬಟ್ಟೆ ಒಗೆದು ಹರವಿದ್ರೆ ಅವಳು ಪೇಟೆ ಮುಟ್ಟೋದ್ರೊಳಗೆ ಒಣಗಿರುತ್ತೆ."

"ಸದಾ ಮಳೆ ಹನಿಯೋ ನಮ್ಮೂರಲ್ಲಿ ಬಟ್ಟೆ ಒಣಗೋದಾ? ಅಷ್ಟು ಹೊತ್ತಿಗೆ ಅವಳು ಅಮೆರಿಕ ಮುಟ್ಟಿರ್ತಾಳೆ ಬಿಡು."

ಹೀಗೆ ನಗುತ್ತಿದ್ದವರೇ ಅವಳ ಹಿಂದೆ ಸಿಕ್ಕಿಕೊಂಡಾಗ ಹಾರ್ನ್ ಹೊಡೆಯುತ್ತಿರಲಿಲ್ಲ. ಹಾಲಿನ ಲಾರಿಯವನು ಜೌಗು ಬಯಲಿನ ಕಿರಿದಾದ ರಸ್ತೆಯಲ್ಲಿ ಅವಳನ್ನು ಕಂಡರೆ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ, ನಿಧಾನವಾಗಿ ಒಂದು ಪೈಪು ಸೇದಿ, ಅವಳಿಗೆ ಸಾಕಷ್ಟು ದಾರಿ ಬಿಟ್ಟುಕೊಟ್ಟು ಆಮೇಲೆ ಹೊರಡುತ್ತಿದ್ದ. ಭಾನುವಾರ ಬೆಳಿಗ್ಗೆ ಫಾದರ್ ಅವಳ ಕಾರಿನ ಸದ್ದು ಚರ್ಚಿನ ಗೋಡೆಯ ಬಳಿ ಬಂದು ನಿಂತ ಮೇಲೆಯೇ ಗಂಟೆ ಹೊಡೆಯಲು ಹೇಳುತ್ತಿದ್ದರು. ಆ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ತಾನು ಯಾವಾಗಲೂ ಸರಿಯಾದ ಸಮಯಕ್ಕೇ ಬರುತ್ತೇನೆಂದು ಅವಳು ತಿಳಿದಿದ್ದಳು.

ಇವಳಿಗೆ ಲೈಸೆನ್ಸ್ ಕೊಟ್ಟವರಾರು ಎಂದು ಹೊರಗಿನವರು ಕೇಳುವುದಿತ್ತು. ಹಿಂದೊಂದು ವರ್ಷ, ಪರೀಕ್ಷೆಗೆ ಕಾದವರ ಸಾಲು ಬೆಳೆದೂ ಬೆಳೆದೂ ಸರ್ಕಾರಕ್ಕೇ ಸಾಕಾಗಿ, ಕಲಿಯುವವರ ಪರವಾನಗಿಯನ್ನು ಎರಡನೆಯ ಸಲ ಮಾಡಿಸಿಕೊಂಡವರಿಗೆಲ್ಲ ಪರೀಕ್ಷೆಯಿಲ್ಲದೆ ಲೈಸೆನ್ಸ್ ಕೊಟ್ಟುಬಿಟ್ಟಿತ್ತು. ಐರ್ಲೆಂಡಿನ ಆ ಪಶ್ಚಿಮದ ಅಂಚಿನಲ್ಲಿ ಎಷ್ಟೋ ಜನ ಹಾಗೆ ಡ್ರೈವರುಗಳಾದವರು. ಡಿಂಪ್ನಾ ಅವರಲ್ಲೊಬ್ಬಳು.

ರಿಪೇರಿ ಅಂಗಡಿಯ ಜಾರ್ಲತ್ ಒಮ್ಮೆ ಆ ಕಾರಿನ ಗೇರುಪೆಟ್ಟಿಗೆ ಬಿಚ್ಚಿದ್ದ. ಶಾಲೆಯಲ್ಲಿ ಅವನಿಗೆ ಅಕ್ಷರ ಕಲಿಸಿದವಳು ಡಿಂಪ್ನಾಳೇ. ಮೀಸೆ ನರೆಯಲು ಶುರುವಾದರೂ ಅವನಿಗೆ ಅವಳು ಇನ್ನೂ 'ಮಿಸ್.'

"ಮಿಸ್, ನಿಮ್ಮ ಎರಡನೇ ಗೇರು ಸವೆದು ಚರ್ಚ್ ಮೆಟ್ಟಿಲಿನ ಹಾಗಾಗಿದೆ. ಮೂರು, ನಾಲ್ಕು ನೋಡಿದ್ರೆ ನಿನ್ನೆ ಅಂಗಡಿಯಿಂದ ತಂದ ಹಾಗಿವೆ. ಮಾರಿಬಿಡ್ತೀರಾ?"

"ಇರ್ಲಿ ಬಿಡೋ. ಯಾವತ್ತಾದ್ರೂ ಬೇಕಾದೀತು," ಎಂದಳು ಡಿಂಪ್ನಾ.

ಅವನು ನಕ್ಕು ಹೊಸ ಎರಡನೇ ಗೇರು ಹಾಕಿಕೊಟ್ಟ. ಯಾಕೆ ಹೀಗೆ ಎಂದು ಕೇಳಲಿಲ್ಲ. ಅವಳ ವಯಸ್ಸಿನವರಿಗೆಲ್ಲ ಕಾರಣ ಗೊತ್ತಿತ್ತು. ಚಿಕ್ಕವರು ದೊಡ್ಡವರಿಂದ ಕೇಳಿದ್ದರು.

ಆ ಊರಿನಲ್ಲಿ ಕಾರು ಕಲಿಯುವುದು ರಸ್ತೆಯ ಮೇಲಲ್ಲ, ಸಮುದ್ರದ ದಂಡೆಯ ಮೇಲೆ. ನೀರು ಇಳಿದಾಗ ಗಟ್ಟಿ ಮರಳು ಕಣ್ಣು ಹಾಯುವವರೆಗೂ ಚಾಚಿಕೊಂಡಿರುತ್ತದೆ. ಗುದ್ದಲು ಗೋಡೆಯಿಲ್ಲ, ಬೀಳಲು ಹಳ್ಳವಿಲ್ಲ. ನೀರು ಏರಿ ಬರುವುದನ್ನು ಮಾತ್ರ ನೋಡಿಕೊಂಡಿರಬೇಕು. ಡಿಂಪ್ನಾಳ ಅಣ್ಣ ಕೋಲ್ಮನ್ ಸೋದರಮಾವನ ಹಳೆಯ ಕಪ್ಪು ಕಾರನ್ನು ಬೇಡಿ ತಂದು ತಂಗಿಯನ್ನು ಅದರಲ್ಲಿ ಕೂರಿಸಿದ್ದು ಅಲ್ಲಿಯೇ. ಅವಳಿಗಾಗ ಹತ್ತೊಂಬತ್ತು. ಹಿಂದಿನ ಸೀಟಿನಲ್ಲಿ ವಿನ್ನಿ ಕೂತಿದ್ದಳು. ಶರತ್ಕಾಲದಲ್ಲಿ ಕೋಲ್ಮನ್‌ನನ್ನು ಮದುವೆಯಾಗಬೇಕಿದ್ದವಳು, ಡಿಂಪ್ನಾಳಿಗೆ ಅತ್ತಿಗೆಯಾಗಬೇಕಿದ್ದವಳು. ಕಾರು ಒಂದೊಂದು ಸಲ ಎಗರಿದಾಗಲೂ ಅವಳು ಕಿಟಾರನೆ ಕಿರುಚಿ ನಗುತ್ತಿದ್ದಳು.

"ಮುಷ್ಟಿ ಬಿಗೀಬೇಡ ಕಣೇ ಡಿಂಪ್. ಅದೇನು ಹಸುವಿನ ಹಗ್ಗಾನಾ?" ಎನ್ನುತ್ತಿದ್ದ ಕೋಲ್ಮನ್.

"ಬಿಟ್ರೆ ಓಡಿಹೋಗುತ್ತಲ್ಲೋ!"

"ಓಡ್ಲಿ ಅಂತಾನೇ ಕಣೇ ಕಾರು ಇರೋದು."

ಒಂದನೆಯದು ಕಲಿತಳು. ಎರಡನೆಯದು ಕಲಿತಳು. ದಂಡೆಯ ಒಂದು ತುದಿಯಿಂದ ಇನ್ನೊಂದಕ್ಕೆ ಅದೇ ಎರಡನೆಯದರಲ್ಲಿ ಎಷ್ಟು ಸಲ ಓಡಾಡಿದಳೋ. ಮೂರನೆಯದನ್ನೂ ಕೊಡು ಎಂದು ಕಾಡಿದಳು.

"ಅದಕ್ಕೆ ಓಟ ಬೇಕು. ಈಗ ಮರಳು ಸಾಲಲ್ಲ, ನೀರು ಏರ್ತಾ ಇದೆ. ನಾಳೆ ಮಾಡೋಣ," ಎಂದ ಅಣ್ಣ.

ಮರುದಿನ ಬೆಳಿಗ್ಗೆ ಅವನು ನಳ್ಳಿ ಹಿಡಿಯುವ ಬುಟ್ಟಿಗಳನ್ನು ಎತ್ತಲು ಡಾಂಬರು ಬಳಿದ ತನ್ನ ಹಗುರ ದೋಣಿಯಲ್ಲಿ ಹೋದ. ದೋಣಿ ಮಗುಚಿಕೊಂಡು ದಂಡೆಗೆ ಬಂತು. ಅವನು ಬರಲಿಲ್ಲ.

ಆ ಚಳಿಗಾಲದಲ್ಲಿ ಅಮ್ಮ ಹಾಸಿಗೆ ಹಿಡಿದಾಗ ಡಿಂಪ್ನಾ ಒಬ್ಬಳೇ ಕಾರು ತೆಗೆಯಬೇಕಾಯಿತು. ರಸ್ತೆಗೆ ಬಂದ ಮೇಲೆ ಎಂಜಿನ್ ಕೂಗತೊಡಗಿತು. ಮುಂದಿನ ಗೇರು ಬೇಕೆಂದು ಅದು ಕೇಳುತ್ತಿದೆಯೆಂದು ಅವಳಿಗೂ ಗೊತ್ತಾಯಿತು. ಕಾಲು ಕ್ಲಚ್ಚನ್ನು ಒತ್ತಿತು, ಕೈ ಗೇರಿನ ಕೋಲಿನ ಮೇಲೆ ಕೂತಿತು. ಅಲ್ಲಿಂದ ಮುಂದೆ ಕೈ ಹೋಗಲಿಲ್ಲ. ನಾಳೆ ಎಂದಿದ್ದನಲ್ಲ. ತಾನೇ ಕಲಿತುಬಿಟ್ಟರೆ ಆ ನಾಳೆ ಮುಗಿದುಹೋಗುತ್ತದಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹರಕೆ, ವ್ರತ ಎಂದೆಲ್ಲ ದೊಡ್ಡ ಹೆಸರಿಡಲು ಅವಳಿಗೆ ನಾಚಿಕೆ. ಮೂವತ್ತು ವರ್ಷಗಳಲ್ಲಿ ಮೂರು ಕಾರು ಬದಲಾದವು. ಎರಡನೇ ಗೇರಿನ ಓಟ ಬದಲಾಗಲಿಲ್ಲ.

ವಿನ್ನಿಯೂ ಬೇರೆ ಮದುವೆಯಾಗಲಿಲ್ಲ. ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಊರಿನವರಿಗೆಲ್ಲ ಅಂಚೆಚೀಟಿಯ ಜೊತೆಗೆ ಒಂದೊಂದು ಚುಚ್ಚುಮಾತನ್ನೂ ಕೊಡುತ್ತ ಬಂದಳು. ಮಳೆಯಿರಲಿ ಗಾಳಿಯಿರಲಿ ಓಡಾಟವೆಲ್ಲ ಸೈಕಲ್ಲಿನ ಮೇಲೆ. ಇಬ್ಬರು ಹೆಂಗಸರೂ ಗುರುವಾರ ಸಂಜೆ ಒಟ್ಟಿಗೆ ಚಹಾ ಕುಡಿಯುತ್ತಿದ್ದರು. ಕೋಲ್ಮನ್ ಹೆಸರು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಈ ವರ್ಷದ ವಸಂತದಲ್ಲಿ ವಿನ್ನಿಗೆ ಕಾಯಿಲೆ ಕಾಣಿಸಿತು. ಹೊಟ್ಟೆಯಲ್ಲಿ ಶುರುವಾಗಿದ್ದು ಗೊತ್ತಾಗುವಷ್ಟರಲ್ಲಿ ಬೆನ್ನಿನ ಮೂಳೆಗೆ ಇಳಿದಿತ್ತು. ಗಾಲ್ವೇ ನಗರದ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರಬೇಕು, ಎರಡು ವಾರಕ್ಕೊಮ್ಮೆ. ದೂರದ ದಾರಿ. ಜಾರ್ಲತ್ ತನ್ನ ದೊಡ್ಡ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ತಾನಾಗಿಯೇ ಬಂದು ಹೇಳಿದ. ಫಾದರ್ ಹೇಳಿದರು. ಹಾಲಿನ ಲಾರಿಯವನ ಹೆಂಡತಿಯೂ ಹೇಳಿದಳು. ವಿನ್ನಿ ಒಪ್ಪಲಿಲ್ಲ.

"ಡಿಂಪ್ನಾ ಜೊತೆ ಹೋಗ್ತೀನಿ."

"ಅವರ ಎರಡನೇ ಗೇರಲ್ಲಿ ಗಾಲ್ವೇಗಾ? ಹೋಗೋದ್ರೊಳಗೆ ಕಾಯಿಲೆ ತಾನೇ ಬೇಜಾರಾಗಿ ಬಿಟ್ಟುಹೋಗುತ್ತೆ," ಎಂದ ಜಾರ್ಲತ್.

"ಹೋಗ್ಲಿ, ಒಳ್ಳೇದೇ ಆಯ್ತಲ್ಲೋ," ಎಂದಳು ವಿನ್ನಿ. ಆಮೇಲೆ ಡಿಂಪ್ನಾಳೊಬ್ಬಳಿಗೇ ಹೇಳಿದಳು: "ದಾರೀಲಿ ನಾನು ವಾಂತಿ ಮಾಡ್ಕೊಳ್ಳೋದನ್ನ ಊರಿನವರು ನೋಡೋದು ಬೇಡ ಕಣೇ. ನೀನಾದ್ರೆ ರಸ್ತೆ ನೋಡ್ತೀಯ, ನನ್ನ ನೋಡಲ್ಲ."

ಹಾಗೆ ಆ ಬೇಸಿಗೆಯಲ್ಲಿ ಕೆಂಪು ಕಾರು ಕೂಗಿಕೊಂಡು ಗಾಲ್ವೇಗೆ ಹೋಗಿ ಬರತೊಡಗಿತು. ಹೋಗಲು ಇಡೀ ಬೆಳಿಗ್ಗೆ, ಬರಲು ಇಡೀ ಸಂಜೆ. ಎರಡನೇ ಗೇರಿನ ಅಷ್ಟು ಓಟಕ್ಕೆ ಕಾರಿನ ನೆಲ, ಬಾಗಿಲು, ಸೀಟು ಎಲ್ಲ ಸಣ್ಣಗೆ ನಡುಗುತ್ತಿದ್ದವು. ವಿನ್ನಿ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡು ಕೂರುತ್ತಿದ್ದಳು. ಒಂದು ದೂರು ಇಲ್ಲ. ಆದರೆ ಡಿಂಪ್ನಾ ಗೇರಿನ ಕೋಲಿನ ಕಡೆ ಕಣ್ಣು ಹಾಯಿಸಿದಾಗ, ಅದರ ಪಕ್ಕದಲ್ಲೇ ಸೀಟಿನ ಅಂಚನ್ನು ಹಿಡಿದ ಕೈ ಕಾಣುತ್ತಿತ್ತು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿರುತ್ತಿದ್ದವು. ಬೆನ್ನುಮೂಳೆಯೊಳಗೆ ನೋವಿರುವವಳನ್ನು ತಾನು ಗಂಟೆಗಟ್ಟಲೆ ಕುಲುಕಿ ಕುಲುಕಿ ಒಯ್ಯುತ್ತಿದ್ದೇನೆಂದು ಅವಳಿಗೆ ತಿಳಿಯದೆ ಇರಲಿಲ್ಲ.

ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವಳು ಒಬ್ಬಳೇ ದಂಡೆಗೆ ಹೋದಳು. ಕೋಲ್ಮನ್ ಹೋದ ಮೇಲೆ ಅಲ್ಲಿ ಚಕ್ರ ಇಳಿಸಿದ್ದು ಅದೇ ಮೊದಲು. ನೀರು ಬಹಳ ದೂರ ಇಳಿದಿತ್ತು. ಎರಡನೆಯದರಲ್ಲಿ ಓಟ ಕೂಡಿಸಿ, ಕ್ಲಚ್ ಒತ್ತಿ, ಕೋಲನ್ನು ಮೇಲಕ್ಕೆ ತಳ್ಳಿದಳು. ಮೂವತ್ತು ವರ್ಷ ಎಡಗಡೆಯ ಓಣಿಯಲ್ಲೇ ಮೇಲೆ ಕೆಳಗೆ ಓಡಾಡಿದ ಕೈ ಅದು. ಮೂರನೆಯದೂ ಮೇಲೆಯೇ, ಆದರೆ ಬಲಗಡೆಯ ಓಣಿಯಲ್ಲಿ; ಕೈಗೆ ಮೇಲೆ ಎಂದರೆ ಒಂದನೆಯದು. ಗೇರುಪೆಟ್ಟಿಗೆ ಹಲ್ಲು ಕಡಿದ ಹಾಗೆ ಸದ್ದು ಮಾಡಿತು. ಮತ್ತೆ ತಳ್ಳಿದಳು, ಮತ್ತೆ ಅದೇ. ಕಾರು ನಿಲ್ಲಿಸಿ ನೀರಿನ ಕಡೆ ನೋಡುತ್ತ ಕೂತಳು. ಆಮೇಲೆ ಎರಡನೆಯದರಲ್ಲಿ ಮನೆಗೆ ಬಂದಳು.

ಆಗಸ್ಟ್ ತಿಂಗಳ ಒಂದು ಮಂಗಳವಾರ ಗಾಲ್ವೇ ಆಸ್ಪತ್ರೆಯಿಂದ ವಿನ್ನಿ ಬೇಗ ಹೊರಬಂದಳು. ನರ್ಸೊಬ್ಬಳು ಅವಳ ಗಾಲಿಕುರ್ಚಿಯನ್ನು ಕಾರಿನವರೆಗೂ ತಳ್ಳಿಕೊಂಡು ಬಂದು, ಸೀಟಿನ ಮೇಲೆ ಎರಡು ದಿಂಬು ಜೋಡಿಸಿ, ಇನ್ನೊಂದನ್ನು ಸೊಂಟದ ಹಿಂದೆ ತುರುಕಿದಳು.

"ದಿಂಬು ವಾಪಸ್ ತಂದುಕೊಡ್ತೀನಿ," ಎಂದಳು ಡಿಂಪ್ನಾ.

"ಯಾವ ದಿಂಬು? ನಾನಂತೂ ಯಾವ ದಿಂಬನ್ನೂ ನೋಡ್ಲಿಲ್ಲಪ್ಪ," ಎಂದು ಆ ಹುಡುಗಿ ಆಚೆ ಮುಖ ತಿರುಗಿಸಿಕೊಂಡು ಹೋದಳು.

ಕಾರು ನಗರ ದಾಟಿತು. ವಿನ್ನಿ ಎಂಜಿನ್ನಿನ ಕೂಗಿನ ಮೇಲೆ ದನಿಯೆತ್ತಿ ಹೇಳಿದಳು:

"ಇನ್ನು ಬರೋದು ಬೇಡವಂತೆ."

"ವಾಸಿಯಾಗ್ತಿದೆಯಾ ಹಾಗಾದ್ರೆ?" ಬಾಯಿಂದ ಹೊರಟ ಮೇಲೆಯೇ ಡಿಂಪ್ನಾಳಿಗೆ ತನ್ನ ಪೆದ್ದುತನ ತಿಳಿದದ್ದು.

ವಿನ್ನಿ ನಕ್ಕಳು. "ನಿನ್ನ ಕೈಲಿ ಕಲಿತ ಮಕ್ಕಳು ಲೆಕ್ಕದಲ್ಲಿ ಯಾಕೆ ಹಿಂದೆ ಅಂತ ಈಗ ಗೊತ್ತಾಯ್ತು. ಮನೆಗೆ ಹೋಗಿ ಆರಾಮಾಗಿರಿ ಅಂದ್ರು ಕಣೇ. ಅಷ್ಟೇ."

ಡಿಂಪ್ನಾ ರಸ್ತೆ ನೋಡಿದಳು. ಎದುರಿಗೆ ಬಂದ ಟ್ರ್ಯಾಕ್ಟರಿನವನು ಸ್ಟೀರಿಂಗಿನ ಮೇಲಿಂದ ಒಂದು ಬೆರಳೆತ್ತಿ ವಂದಿಸಿದ. ಅವಳೂ ಒಂದು ಬೆರಳೆತ್ತಿದಳು.

ಟ್ಯೂಮ್ ಪಟ್ಟಣ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಕಾರಿನ ನಡುಕಕ್ಕೆ ರಸ್ತೆಯ ಕುಲುಕಾಟವೂ ಸೇರಿಕೊಂಡಿತು. ವಿನ್ನಿಯ ಕೈ ತಟ್ಟನೆ ಬಂದು ಅವಳ ತೋಳನ್ನು ಹಿಡಿಯಿತು.

"ನಿಲ್ಸು. ಒಂದು ನಿಮಿಷ ನಿಲ್ಸು ಕಣೇ."

ಹೊಲವೊಂದರ ಗೇಟಿನ ಎದುರು ಡಿಂಪ್ನಾ ಕಾರು ನಿಲ್ಲಿಸಿದಳು. ವಿನ್ನಿಯ ಮುಖ ಸುಣ್ಣದ ಹಾಗಾಗಿತ್ತು. ತುಟಿಯ ಮೇಲೆ ಬೆವರು. ಡಿಂಪ್ನಾ ಚಹಾದ ಫ್ಲಾಸ್ಕ್ ತೆರೆಯಹೋದಳು, ಅರ್ಧ ಚಹಾ ಸ್ಕರ್ಟಿನ ಮೇಲೆ ಚೆಲ್ಲಿತು.

"ನಾನು ಮುಂದೆ ಎಲ್ಲಾದ್ರೂ ಪಬ್ಬಿಂದ ಜಾರ್ಲತ್‌ಗೆ ಫೋನ್ ಮಾಡ್ತೀನಿ. ಬರ್ಲಿ ಅವನು. ಅವನ ಕಾರು ಮೆತ್ತಗೆ ಹೋಗುತ್ತೆ. ಈ ಡಬ್ಬದಲ್ಲಿ ನಿನ್ನ ಸಾಯಿಸ್ತಾ ಇದ್ದೀನಿ ನಾನು."

"ಅದು ನಿನ್ನ ಕೈಲೇನೂ ಇಲ್ಲ ಬಿಡು. ಡಾಕ್ಟ್ರು ಈಗಾಗ್ಲೇ ಮಾಡಿ ಮುಗಿಸಿದ್ದಾರೆ."

"ತಮಾಷೆ ಮಾಡಬೇಡ ವಿನ್ನಿ."

"ಜಾರ್ಲತ್ ಬೇಡ. ಯಾರೂ ಬೇಡ. ನೀನೇ ಮೂರನೇ ಗೇರು ಹಾಕು."

ಡಿಂಪ್ನಾಳ ಕಣ್ಣಲ್ಲಿ ನೀರು ಬಂತು. "ನನಗೆ ಬರಲ್ಲ ಕಣೇ. ಪ್ರಯತ್ನ ಪಟ್ಟೆ. ದಂಡೆಗೆ ಹೋಗಿ ಪ್ರಯತ್ನಪಟ್ಟೆ. ಕೈ ಒಂದನೇದಕ್ಕೇ ಹೋಗುತ್ತೆ."

"ಮುಷ್ಟಿ ಬಿಗೀತೀಯ, ಅದಕ್ಕೆ. ನಾನು ಹೇಳಿಕೊಡ್ತೀನಿ."

"ನೀನಾ? ಸೈಕಲ್ ಬಿಟ್ರೆ ನೀನೇನು ಓಡಿಸಿದ್ದೀಯ?"

ವಿನ್ನಿ ಸ್ವಲ್ಪ ಹೊತ್ತು ಎದುರಿನ ಗೇಟನ್ನು ನೋಡಿದಳು. ಗೇಟಿನ ಆಚೆಗೆ ಹಸುಗಳು ಬಂದು ಸಾಲಾಗಿ ನಿಂತು ಇವರನ್ನೇ ನೋಡುತ್ತಿದ್ದವು.

"ನಾಲ್ಕೂ ಗೇರು ಓಡಿಸಿದ್ದೀನಿ. ನಿನಗಿಂತ ಮುಂಚೆ ಅವನು ನನಗೆ ಕಲಿಸಿದ್ದ. ಅದೇ ದಂಡೆ, ಅದೇ ಕಾರು."

ಇಷ್ಟು ಕಾಲವೂ ಆ ಮರಳಿನ ಮೇಲಿನ ಪಾಠ ತನ್ನೊಬ್ಬಳದು ಎಂದು ಡಿಂಪ್ನಾ ನಂಬಿದ್ದಳು.

"ನನಗೆ ಹೇಳಲೇ ಇಲ್ಲ."

"ನೀನು ಅವನ ಮೊದಲನೇ ಶಿಷ್ಯೆ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ಹಾಗೇ ಇರ್ಲಿ, ಅವಳ ಖುಷಿ ಕೆಡಿಸಬೇಡ ಅಂದ. ಅದಕ್ಕೇ ಹಿಂದಿನ ಸೀಟಲ್ಲಿ ಕೂತು, ಏನೂ ಗೊತ್ತಿಲ್ಲದವಳ ಹಾಗೆ ಕಿರುಚಿದ್ದು." ವಿನ್ನಿ ಉಸಿರು ಎಳೆದುಕೊಂಡಳು. "ಆ ಸಂಜೆ ನನ್ನ ಮನೆಗೆ ಬಿಡೋಕೆ ಬಂದನಲ್ಲ, ದಾರಿಯುದ್ದಕ್ಕೂ ನಿನ್ನದೇ ಮಾತು. ನಾಳೆ ಡಿಂಪ್‌ಗೆ ಮೂರನೇದು ಹೇಗೆ ಹೇಳಿಕೊಡಬೇಕು, ಏನಂದ್ರೆ ಅವಳಿಗೆ ಅರ್ಥವಾಗುತ್ತೆ. ಅವಳು ಬಿಗಿಹಿಡಿಯೋಳು, ಮೂರನೇದಕ್ಕೆ ಬಿಡೋದು ಗೊತ್ತಿರಬೇಕು, ಅದೇ ಕಷ್ಟ, ಅಂತ. ನನ್ನ ಮುಂದೆ ಹೇಳಿ ಹೇಳಿ ಪಾಠ ಒಪ್ಪಿಸಿದ, ಪರೀಕ್ಷೆಗೆ ಹೋಗೋ ಹುಡುಗನ ಹಾಗೆ."

"ಇಷ್ಟು ವರ್ಷ ಇಟ್ಕೊಂಡಿದ್ದೀಯಲ್ಲೇ. ಗುರುವಾರ ಗುರುವಾರ ನನ್ನ ಎದುರಿಗೇ ಕೂತಿರ್ತಿದ್ದೆ. ಒಂದು ದಿನವಾದ್ರೂ ಹೇಳಬಾರದಿತ್ತಾ?"

"ಹೇಳಿಬಿಟ್ಟಿದ್ರೆ ನನ್ನ ಹತ್ರ ಏನು ಉಳೀತಿತ್ತು?"

ಹಸುಗಳಲ್ಲೊಂದು ಗೇಟಿಗೆ ಮೈ ಉಜ್ಜಿತು. ಡಿಂಪ್ನಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾನು ಕಲಿಯದೆ ಉಳಿಸಿಕೊಂಡದ್ದನ್ನೇ ಇವಳು ಹೇಳದೆ ಉಳಿಸಿಕೊಂಡಿದ್ದಳು. ಮೂಗು ಒರೆಸಿಕೊಂಡು ಕಾರು ಚಾಲೂ ಮಾಡಿದಳು.

ಒಂದನೆಯದು. ಎರಡನೆಯದು. ಎಂಜಿನ್ ಏರಿತು, ಕೂಗಿತು.

"ಈಗ ಕೇಳಿಸ್ಕೋ," ಎಂದಳು ವಿನ್ನಿ. "ವೇಗದ ಮುಳ್ಳು ನೋಡಬೇಡ, ಕಿವಿ ಕೊಡು. ಕಿರುಚಿದ್ರೆ ಮೇಲಿನ ಗೇರು ಕೇಳ್ತಿದೆ ಅಂತ. ಗೊಣಗಿದ್ರೆ ಕೆಳಗಿನದ್ದು. ಈಗ ಏನು ಮಾಡ್ತಿದೆ?"

"ಕಿರುಚ್ತಿದೆ."

"ಮೂವತ್ತು ವರ್ಷದಿಂದ ಕಿರುಚ್ತಿದೆ ಪಾಪ. ಆಕ್ಸಿಲರೇಟರ್ ಬಿಡು, ಕ್ಲಚ್ ಒತ್ತು. ಕೋಲನ್ನ ಮೇಲಕ್ಕೆ ತಳ್ಳು, ಅರ್ಧಕ್ಕೆ ಮಾತ್ರ."

ಕೈ ಕೋಲನ್ನು ಬಿಗಿಯಾಗಿ ಹಿಡಿದು ಮೇಲಕ್ಕೆ ದೂಡಿತು. ಗೇರುಪೆಟ್ಟಿಗೆ ಕರಕರ ಕಡಿಯಿತು. ಕಾರು ಮುಗ್ಗರಿಸಿತು. ವಿನ್ನಿ ಕಣ್ಣು ಮುಚ್ಚಿ, ನೋವನ್ನು ನುಂಗಿ, ಮತ್ತೆ ತೆರೆದಳು.

"ಅಯ್ಯೋ, ವಿನ್ನಿ..."

"ಪರವಾಗಿಲ್ಲ. ಎರಡನೇದಕ್ಕೆ ಬಾ. ಓಟ ಕೂಡಿಸು. ಈಗ ಬೆರಳು ಬಿಡಿಸು. ಪೂರ್ತಿ. ಅಂಗೈ ಮಾತ್ರ ಇರ್ಲಿ, ಕೋಳಿಮರಿ ತಲೆ ಮೇಲೆ ಕೈ ಇಟ್ಟ ಹಾಗೆ. ಹಾಂ. ಅರ್ಧಕ್ಕೆ ಬಾ, ಅಲ್ಲಿ ಬಿಟ್ಟುಬಿಡು. ಅಲ್ಲಿ ಒಂದು ಕ್ಷಣ ಅದು ಯಾವ ಗೇರಲ್ಲೂ ಇರಲ್ಲ. ಅಲ್ಲಿ ಹೆದರಬೇಡ. ತಾನಾಗಿ ನಿನ್ನ ಕಡೆ ವಾಲುತ್ತೆ. ವಾಲಿದ ಮೇಲೆ ತಳ್ಳು."

"ಇದು ಅವನ ಮಾತಾ, ನಿನ್ನದಾ?"

"ಕೋಳಿಮರಿ ಅವನದು. ನಾನಾಗಿದ್ರೆ ಅಂಚೆ ಮೊಹರು ಅಂತಿದ್ದೆ. ತಳ್ಳೇ ಹುಡುಗಿ!"

ಡಿಂಪ್ನಾ ಬೆರಳು ಬಿಡಿಸಿದಳು. ಕೋಲು ನಡುವಿಗೆ ಬಂದು ಅಲ್ಲಿ ನಿಂತಿತು. ಕಾರು ತೇಲುತ್ತಿರುವ ಹಾಗೆ, ಯಾವುದಕ್ಕೂ ಕಟ್ಟಿಕೊಳ್ಳದೆ, ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು. ಕೋಲು ಮೆಲ್ಲಗೆ, ಯಾರೋ ಅದನ್ನು ಬೆರಳಿನಿಂದ ಸರಿಸಿದ ಹಾಗೆ, ಅವಳ ಕಡೆಗೆ ವಾಲಿತು. ಅವಳು ಅಂಗೈಯಿಂದ ತಳ್ಳಿದಳು. ಬೆಣ್ಣೆಗೆ ಚಾಕು ಇಳಿದ ಹಾಗೆ ಅದು ಒಳಗೆ ಹೋಯಿತು.

ಕ್ಲಚ್ ಬಿಟ್ಟಾಗ ಕೂಗು ಇರಲಿಲ್ಲ. ಬಾಗಿಲಿನ ನಡುಕ ಇಳಿಯಿತು, ನೆಲದ ನಡುಕ ಇಳಿಯಿತು. ಎಂಜಿನ್ ಎದೆಯೊಳಗಿಂದ ಹಾಡುವವರ ಹಾಗೆ ಗುಂಯ್ ಎನ್ನುತ್ತಿತ್ತು.

"ಹೋಯ್ತಾ?"

"ಹೋಯ್ತು ಕಣೇ. ಮೂರನೇದು."

ಡಿಂಪ್ನಾಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಲು ಕೈಗೆ ಬಿಡುವಿರಲಿಲ್ಲ. ಅಣ್ಣನಿಂದ ಬರಬೇಕಿದ್ದದ್ದೆಲ್ಲ ಬಂದು ಮುಗಿದಿತ್ತು. ಇನ್ನು ಅವನ ಬಾಯಿಂದ ಕೇಳದೆ ಉಳಿದ ಮಾತು ಈ ಭೂಮಿಯ ಮೇಲೆ ಒಂದೂ ಇರಲಿಲ್ಲ.

"ನಾಲ್ಕನೇದು ನೇರ ಕೆಳಗೆ," ಎಂದಳು ವಿನ್ನಿ ಸ್ವಲ್ಪ ಹೊತ್ತಿನ ಮೇಲೆ. "ಅದನ್ನ ಅವನು ಪಾಠ ಮಾಡಿರಲಿಲ್ಲ. ಅದು ಅವಳಿಗೇ ಗೊತ್ತಾಗುತ್ತೆ ಅಂದ."

ಅದು ಅವಳಿಗೇ ಗೊತ್ತಾಯಿತು. ಮುಂದೆ ರಸ್ತೆ ಒಳ್ಳೆಯದಿತ್ತು. ನಾಲ್ಕನೆಯದಕ್ಕೆ ಇಳಿದಾಗ ಕಾರು ಇದೆಯೋ ಇಲ್ಲವೋ ಎನ್ನುವಷ್ಟು ಸದ್ದಡಗಿತು. ಡಿಂಪ್ನಾಳಿಗೆ ಆಶ್ಚರ್ಯ. ಗಾಜಿಗೆ ಬೀಳುವ ತುಂತುರು ಕೇಳಿಸುತ್ತಿತ್ತು. ಬೇಲಿಯಾಚೆ ಕುರಿಯೊಂದು ಕೆಮ್ಮಿದ್ದು ಕೇಳಿಸಿತು. ಇಷ್ಟೆಲ್ಲ ಸದ್ದು ಈ ದಾರಿಯಲ್ಲಿತ್ತೇ? ಅವಳು ಚಿಕ್ಕ ಹುಡುಗಿಯ ಹಾಗೆ ನಕ್ಕಳು.

"ಜಾರ್ಲತ್ ಕೇಳಿದ್ರೆ ಬಿದ್ದುಹೋಗ್ತಾನೆ. ನಾವು ಊರಿಗೆ ಬಂದದ್ದು ಯಾರಿಗೂ ತಿಳಿಯಲ್ಲ ನೋಡು!"

ವಿನ್ನಿ ಉತ್ತರ ಕೊಡಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡಳು ಡಿಂಪ್ನಾ. ಕ್ಯಾಸಲ್‌ಬಾರ್ ದಾಟಿ ಜೌಗು ಬಯಲಿನ ರಸ್ತೆ ಶುರುವಾಗಿತ್ತು. ತಟ್ಟೆಯ ಹಾಗೆ ಚಪ್ಪಟೆಯಾದ ಕಂದು ನೆಲ, ಒಲೆಯ ಉರುವಲಿಗೆಂದು ಕಡಿದು ಒಣಗಲು ಅಲ್ಲಲ್ಲಿ ಪೇರಿಸಿಟ್ಟ ಜೌಗುಮಣ್ಣಿನ ಗಟ್ಟಿಗಳು.

ಆಗ ಅವಳಿಗೆ ಅದು ಕೇಳಿಸಿತು. ಬಹಳ ಸಣ್ಣ ಸದ್ದು. ಉಸಿರಿನ ಕೊನೆಯಲ್ಲಿ ಏನೋ ಎಳೆದು, ಅಲ್ಲೇ ಕಚ್ಚಿಹಿಡಿದು ನಿಲ್ಲಿಸಿದ ಸದ್ದು. ಓರೆಗಣ್ಣಿನಲ್ಲಿ ನೋಡಿದಳು. ವಿನ್ನಿ ನಿದ್ದೆ ಮಾಡಿರಲಿಲ್ಲ. ಮುಖವನ್ನು ಕಿಟಕಿಗೆ ತಿರುಗಿಸಿ, ಕಳಚಿದ ಕೈಗವಸಿನ ಬೆರಳನ್ನು ಹಲ್ಲುಗಳ ನಡುವೆ ಇಟ್ಟುಕೊಂಡಿದ್ದಳು. ಕತ್ತಿನ ನರ ಬಿಗಿದಿತ್ತು. ಒಂದು ಉಸಿರು ಹೇಗೋ ದಾಟಿತು. ಮುಂದಿನದು ಬಂತು, ಅದನ್ನೂ ಕಚ್ಚಿಹಿಡಿದಳು. ಆಮೇಲೆ ಸದ್ದು ಹೊರಬಿದ್ದೀತೆಂದು ಹೆದರಿದವಳ ಹಾಗೆ ಕೆಮ್ಮತೊಡಗಿದಳು, ಕೆಮ್ಮು ಇಲ್ಲದ ಕೆಮ್ಮು.

"ಚಳಿಯಾಗ್ತಿದೆಯಾ?"

"ಇಲ್ಲಪ್ಪ. ಚೆನ್ನಾಗಿದೆ. ತೊಟ್ಟಿಲು ತೂಗಿದ ಹಾಗಿದೆ."

ಆಕ್ಸಿಲರೇಟರಿನ ಮೇಲಿದ್ದ ಡಿಂಪ್ನಾಳ ಕಾಲು ತಾನಾಗಿ ಸಡಿಲವಾಯಿತು. ಬೇಸಿಗೆಯ ಅಷ್ಟೂ ಪ್ರಯಾಣಗಳು ಅವಳ ಕಣ್ಣೆದುರು ಬಂದವು. ಕಿಟಕಿಗೆ ತಿರುಗಿದ ಇದೇ ಮುಖ, ಇದೇ ಮೌನ. ಅದು ಮೌನವಾಗಿರಲಿಲ್ಲ. ಎರಡನೇ ಗೇರಿನ ಆ ಕೂಗಿನ ಅಡಿಯಲ್ಲಿ ವಿನ್ನಿ ನರಳುತ್ತಿದ್ದಳು, ಹೋಗುವಾಗಲೂ ಬರುವಾಗಲೂ, ಬಾಯಿಬಿಟ್ಟು, ಆದರೆ ಯಾರಿಗೂ ಕೇಳಿಸದ ಹಾಗೆ. ಜಾರ್ಲತ್‌ನ ಮೆತ್ತಗಿನ ಕಾರು ಅವಳಿಗೆ ಯಾಕೆ ಬೇಡವಾಗಿತ್ತೆಂಬುದು ಈಗ ತಿಳಿಯಿತು. ಬಚ್ಚಿಟ್ಟುಕೊಂಡಿದ್ದ ಪಾಠವನ್ನು ಕೊಡುವಾಗ ವಿನ್ನಿ ಆ ಸದ್ದಿನ ಮರೆಯನ್ನೂ ಕೊಟ್ಟುಬಿಟ್ಟಿದ್ದಳು. ಇನ್ನು ಮನೆಯವರೆಗೂ ಉಸಿರು ಕಚ್ಚಿಕೊಂಡೇ ಬರುವವಳು ಅವಳು, ಡಿಂಪ್ನಾಳ ಖುಷಿ ಕೆಡಬಾರದೆಂದು.

ಎರಡನೆಯದಕ್ಕೆ ಹೋದರೆ ಮೂಳೆ ಕುಲುಕುತ್ತದೆ. ನಾಲ್ಕನೆಯದರ ನಿಶ್ಶಬ್ದದಲ್ಲಿ ವಿನ್ನಿ ಬಾಯಿಬಿಟ್ಟು ನರಳಲಾರಳು.

"ಗುಡ್ಡ ಬರ್ತಾ ಇದೆ. ಮೂರನೇದು ಬೇಕಾಗುತ್ತೆ," ಎಂದಳು ಡಿಂಪ್ನಾ.

ವಿನ್ನಿ ಕಣ್ಣು ತೆರೆದು ಎದುರಿನ ಬಯಲನ್ನು ನೋಡಿದಳು. "ಗುಡ್ಡ ಎಲ್ಲಿದೆಯೇ ಇಲ್ಲಿ?"

"ಇದೆ ಮುಂದೆ. ನಿನಗೆ ಕಾಣಿಸ್ತಿಲ್ಲ ಅಷ್ಟೆ."

ಕ್ಲಚ್ ಒತ್ತಿ, ಬೆರಳು ಬಿಡಿಸಿ, ಕೋಲನ್ನು ಅಂಗೈಯಿಂದ ಮೇಲಕ್ಕೆ ಕಳಿಸಿದಳು. ಆಕ್ಸಿಲರೇಟರನ್ನು ಒಂದಿಷ್ಟು ಮೊದಲೇ ಒತ್ತಿ ಎಂಜಿನ್ನಿನ ಓಟವನ್ನು ಚಕ್ರದ ಓಟಕ್ಕೆ ಸರಿದೂಗಿಸಿ ಕ್ಲಚ್ ಬಿಟ್ಟಾಗ ಕಾರು ಒಂದಿಷ್ಟೂ ಜಗ್ಗಲಿಲ್ಲ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಸದ್ದಿಗೆ ಕಿವಿಯಿಟ್ಟು, ಕೂದಲೆಳೆಯಷ್ಟು ಕೂದಲೆಳೆಯಷ್ಟು ಆಕ್ಸಿಲರೇಟರ್ ಒತ್ತುತ್ತ ಹೋದಳು. ಬಾಗಿಲು ಸಣ್ಣಗೆ ಗುಡುಗುಟ್ಟಿದಾಗ ಚೂರು ಇಳಿಸಿದಳು. ದಿಂಬು ಅಲುಗುತ್ತಿದೆಯೇ ಎಂದು ನೋಡಿದಳು, ಅಲುಗುತ್ತಿರಲಿಲ್ಲ. ಎಂಜಿನ್ ತುಂಬಿದ ದನಿಯಲ್ಲಿ, ಕಾರಿನೊಳಗಿನ ಜಾಗವೆಲ್ಲ ತುಂಬುವಷ್ಟು ಗಟ್ಟಿಯಾಗಿ ಹಾಡತೊಡಗಿತು. ಅಲ್ಲಿಗೆ ಕಾಲನ್ನು ನಿಲ್ಲಿಸಿದಳು.

ಹಿಂದೆ ಹಾಲಿನ ಲಾರಿ ಬಂದು ಸೇರಿಕೊಂಡಿತು. ಹಾರ್ನ್ ಹೊಡೆಯದೆ ನಿಧಾನವಾಗಿ ಹಿಂಬಾಲಿಸಿತು.

ವಿನ್ನಿ ಬಹಳ ಹೊತ್ತು ಅವಳನ್ನೇ ನೋಡುತ್ತಿದ್ದಳು. ಡಿಂಪ್ನಾ ತಿರುಗಲಿಲ್ಲ. ಗುಡ್ಡವಿಲ್ಲದ ರಸ್ತೆಯನ್ನು ಗುಡ್ಡ ಹತ್ತುವವರ ಹಾಗೆ ದೃಷ್ಟಿ ನೆಟ್ಟು ನೋಡುತ್ತಿದ್ದಳು. ಆಮೇಲೆ ವಿನ್ನಿ ಕೈಗವಸನ್ನು ಬಾಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಳು. ಅವಳ ಭುಜ ಸಡಿಲವಾಗಿ, ಬಾಯಿ ತೆರೆದುಕೊಂಡಿತು. ಅದರಿಂದ ಹೊರಟ ನರಳಿಕೆ ಎಂಜಿನ್ನಿನ ಹಾಡಿನಲ್ಲಿ ಕೇಳಿಸಲಿಲ್ಲ.